ಕಣಗಳು ತಾವೇ ಕೂಡಿಕೊಂಡ ಮಳೆಗಾಲ

ಮೊನ್ನೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಪಕ್ಕದ ಮೇಜಿನ ಮೇಡಂ ಯಾವುದೋ ಮದುವೆಗೆ ಹಚ್ಚಿಕೊಂಡಿದ್ದ ಉಗುರುಬಣ್ಣವನ್ನು ಹತ್ತಿಯಿಂದ ಒರೆಸಿ ತೆಗೆಯುತ್ತಿದ್ದರು. ಸಣ್ಣ ಬಾಟಲಿಯಿಂದ ತಣ್ಣನೆಯ, ಮೂಗು ಚುರುಗುಟ್ಟಿಸುವ ವಾಸನೆಯೊಂದು ಎದ್ದಿತು. ಅಸಿಟೋನು. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಈ ವಾಸನೆ ಮತ್ತು ಮಳೆ ಎರಡೂ ಒಟ್ಟಿಗೆ ಸಿಕ್ಕರೆ ನಾನು ಎಲ್ಲಿದ್ದರೂ ಅಲ್ಲಿರುವುದಿಲ್ಲ. ಕೆಂಪು ಪೆನ್ನು ಕೆಳಗಿಟ್ಟು ಸುಮ್ಮನೆ ಕಿಟಕಿಯ ಕಡೆ ತಿರುಗಿದೆ.

ಆ ವರ್ಷ ನಾನು ದಾವಣಗೆರೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ನಮ್ಮೂರು ಕಡರನಾಯಕನಹಳ್ಳಿ. ದಿನಾ ಅಲ್ಲಿಂದ ಓಡಾಡುವುದು ಆಗದ ಮಾತೆಂದು ಹರಿಹರದಲ್ಲಿ ಚಿಗವ್ವನ ಮನೆಯಲ್ಲಿದ್ದೆ. ಚಿಗವ್ವ ಅಂದರೆ ನಮ್ಮವ್ವನ ತಂಗಿ, ಸರೋಜ. ಕಾಕ ತೀರಿಕೊಂಡ ಮೇಲೆ ಆಕೆ ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದಳು. ಕಂಪ್ಯೂಟರ್ ಬಂದು ಎಷ್ಟೋ ಕಾಲವಾಗಿದ್ದರೂ ಸರ್ಕಾರಿ ಪರೀಕ್ಷೆ ಕಟ್ಟುವವರು ಆಕೆಯ ಬಾಗಿಲಿಗೆ ಬರುವುದು ನಿಂತಿರಲಿಲ್ಲ. ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದುದೇ ಆ ಹಳೆಯ ಯಂತ್ರಗಳ ಟಪಟಪ ಸದ್ದಿಗೆ. ಅದರ ನಡುವೆ ಚಿಗವ್ವನ ದನಿ. "ಕೀ ನೋಡಬ್ಯಾಡ್ರಿ. ಕಣ್ಣು ಹಾಳೆ ಮ್ಯಾಲೆ ಇರ್ಲಿ. ಬೆರಳಿಗೆ ದಾರಿ ಗೊತ್ತೈತೆ, ಅದನ್ನ ನಂಬ್ರಿ."

ನನ್ನ ಕೆಲಸ ಏನೆಂದು ಕೇಳಿದವರಿಗೆ ಹೇಳಿ ಹೇಳಿ ನನಗೇ ಸಾಕಾಗಿತ್ತು. ಕ್ಯಾನ್ಸರಿನ ಔಷಧಿಗಳಲ್ಲಿ ಕೆಲವು ನೀರಿನಲ್ಲಿ ಕರಗುವುದೇ ಇಲ್ಲ. ರಕ್ತವೆಂದರೆ ಬಹುಪಾಲು ನೀರು. ಹಾಗಾದರೆ ಅವನ್ನು ರಕ್ತದೊಳಗೆ ಸಾಗಿಸುವುದು ಹೇಗೆ? ಇದಕ್ಕೆಂದೇ ಒಂದು ಬಗೆಯ ಪಾಲಿಮರ್ ಇದೆ. ಉದ್ದನೆಯ ಸರಪಳಿಯಂಥ ಅಣು. ಅದರ ಒಂದು ತುದಿಗೆ ನೀರೆಂದರೆ ಪ್ರಾಣ, ಇನ್ನೊಂದು ತುದಿಗೆ ನೀರೆಂದರೆ ಆಗದು. ಇಂಥ ಸರಪಳಿಗಳನ್ನೂ ಔಷಧಿಯನ್ನೂ ಅಸಿಟೋನಿನಲ್ಲಿ ಕರಗಿಸಿ, ಹನಿಹನಿಯಾಗಿ ನೀರಿಗೆ ಬಿಟ್ಟರೆ, ನೀರು ಬೇಡದ ತುದಿಗಳು ಒಂದಕ್ಕೊಂದು ಅಂಟಿ ಒಳಗೆ ಅಡಗುತ್ತವೆ, ನೀರು ಬೇಕಾದ ತುದಿಗಳು ಹೊರಗೆ ಮುಖ ಮಾಡಿ ಸುತ್ತ ನಿಲ್ಲುತ್ತವೆ. ನೀರನ್ನು ಕಂಡರಾಗದ ಔಷಧಿಯೂ ಒಳಗೇ ಸೇರಿಕೊಳ್ಳುತ್ತದೆ. ಒಂದು ಕಣವಾಯಿತು. ಕೂದಲೆಳೆಯನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟರ ಗಾತ್ರ. ಆಮೇಲೆ ಅಸಿಟೋನು ಆವಿಯಾಗಿ ಹೋಗಬೇಕು, ಕಣಗಳು ನೀರಿನಲ್ಲಿ ಉಳಿಯಬೇಕು.

ಪುಸ್ತಕದಲ್ಲಿ ಹೀಗೆ. ನನ್ನ ಕೈಯಲ್ಲಿ ಮಾತ್ರ ಅವು ಉಳಿಯುತ್ತಿರಲಿಲ್ಲ. ಸಂಜೆ ಚೆನ್ನಾಗಿಯೇ ಕಾಣುತ್ತಿದ್ದುದು ಬೆಳಿಗ್ಗೆ ಬಂದು ನೋಡಿದರೆ ಒಡೆದ ಹಾಲು. ತಳದಲ್ಲಿ ಬಿಳಿ ಗಂಟು, ಅದರ ಮೇಲೆ ಸೂಜಿಯಂಥ ಔಷಧಿಯ ಹರಳು. ಬೇಸಿಗೆಯಿಡೀ ಹೀಗೇ ಕಳೆಯಿತು.

ಚಿಗವ್ವನಿಗೆ ಗಡ್ಡೆ ಕಾಣಿಸಿದ್ದು ಅದೇ ಬೇಸಿಗೆಯ ಕೊನೆಯಲ್ಲಿ. ಸ್ನಾನ ಮಾಡಿ ಬಂದವಳು ನನ್ನನ್ನು ಒಳಗೆ ಕರೆದು, ನನ್ನ ಕೈ ಹಿಡಿದು ತನ್ನ ಎಡ ಎದೆಯ ಮೇಲೆ ಇಟ್ಟುಕೊಂಡಳು. "ಸುಮಿ, ಇಲ್ಲಿ ನೋಡು. ಏನೋ ಗಟ್ಟಿ ಐತೆ. ನೋವಿಲ್ಲ."

ನೋವಿಲ್ಲ ಅಂದದ್ದೇ ನನ್ನನ್ನು ಹೆದರಿಸಿತು. ಕ್ಯಾನ್ಸರಿನ ಗಡ್ಡೆ ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲವೆಂದು ಓದಿದ್ದೆ. ಮರುದಿನವೇ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದೆ. ಸೂಜಿ ಚುಚ್ಚಿ ತೆಗೆದ ತುಣುಕಿನ ಪರೀಕ್ಷೆ, ಸ್ಕ್ಯಾನು ಎಲ್ಲ ಮುಗಿದ ಮೇಲೆ ಡಾಕ್ಟರ್ ಮೇಡಂ ಸಾವಕಾಶವಾಗಿ ತಿಳಿಸಿ ಹೇಳಿದರು. ಕ್ಯಾನ್ಸರು ಹೌದು. ಕಂಕುಳಿಗೂ ಹಬ್ಬಿದೆ. ಮೊದಲು ಔಷಧಿ ಕೊಟ್ಟು ಗಡ್ಡೆಯನ್ನು ಸಣ್ಣದು ಮಾಡೋಣ, ಆಪರೇಷನ್ ಆಮೇಲೆ.

ಚಿಗವ್ವ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಮೇಡಂ, ಕ್ಲಾಸು ನಡೆಸಬೋದಾ?"

"ಮೈಯಾಗೆ ಶಕ್ತಿ ಇದ್ದ ದಿನ ಧಾರಾಳ ನಡೆಸ್ರಿ" ಅಂದರು ಮೇಡಂ.

ಮೊದಲ ಔಷಧಿ ಕೆಂಪಗಿತ್ತು. ಅದು ಆಕೆಯ ಕೂದಲನ್ನು ಒಯ್ದಿತು, ನಾಲಿಗೆಯ ರುಚಿಯನ್ನು ಒಯ್ದಿತು. ಚಿಗವ್ವ ತಲೆಗೆ ಕಾಟನ್ ಬಟ್ಟೆ ಸುತ್ತಿಕೊಂಡು ಕ್ಲಾಸು ನಡೆಸಿದಳು. ಊರಿಂದ ಅವ್ವ ರೊಟ್ಟಿ, ಚಟ್ನಿಪುಡಿ ಕಳಿಸುತ್ತಿದ್ದಳು. ಚಿಗವ್ವ ಮುರಿದು ಬಾಯಿಗಿಟ್ಟು, "ಹಾಳೆ ತಿಂದಂಗೆ ಐತೆ ಕಣೆ" ಅನ್ನುತ್ತಿದ್ದಳು. ಅಂದರೂ ತಿನ್ನುತ್ತಿದ್ದಳು.

ಮಳೆ ಹಿಡಿಯಿತು. ಹೊಳೆ ಮೊದಲು ಕೆಂಪಾಯಿತು, ಆಮೇಲೆ ಅಗಲವಾಯಿತು. ಹರಿಹರದ ಸೇತುವೆಯ ಮೇಲೆ ಜನ ಸಂಜೆ ಹೊತ್ತು ನೀರು ನೋಡಲು ನಿಲ್ಲುವಷ್ಟಾಯಿತು. ಬಸ್ಸಿನ ಕಿಟಕಿಯ ಗಾಜಿನ ಸಂದಿಯಿಂದ ಎರಚಲು ಹೊಡೆಸಿಕೊಳ್ಳುತ್ತ ನಾನು ದಾವಣಗೆರೆಗೆ ಹೋಗುವುದು, ಒಡೆದ ಹಾಲನ್ನು ಚೆಲ್ಲುವುದು, ಬರುವುದು. ಮನೆಯಲ್ಲಿ ಹೀಗಿರುವಾಗ ಈ ಕೆಲಸಕ್ಕೆ ಬಾರದ ಬಾಟಲಿಗಳ ಮುಂದೆ ನಿಂತು ನಾನೇನು ಮಾಡುತ್ತಿದ್ದೇನೆ ಅನ್ನಿಸಿ, ಒಂದು ಮಧ್ಯಾಹ್ನ ನಮ್ಮ ಗೈಡ್ ನಾಗರಾಜ ಸರ್ ಮುಂದೆ ಹೇಳಿಯೇಬಿಟ್ಟೆ. "ಸರ್, ನನ್ನ ಕೈಯಾಗೆ ಇದು ಆಗಂಗಿಲ್ಲ. ಬಿಟ್ಟುಬಿಡ್ತೀನಿ."

ಸರ್ ಹದಡಿ ಊರಿನವರು. ಅವಸರದಲ್ಲಿ ಮಾತಾಡುವ ಮನುಷ್ಯರಲ್ಲ. ಅಷ್ಟು ಹೊತ್ತಿಗೆ ಅವರ ಕೋಣೆಗೆ ಚಹಾ ಬಂದಿತ್ತು. ಮೇಜಿನ ಮೇಲಿನ ಡಬ್ಬಿಯಿಂದ ಒಂದು ಹಿಡಿ ಮಂಡಕ್ಕಿ ತೆಗೆದು ಬಾಯಿಗೆ ಹಾಕಿಕೊಂಡವರು ಮುಖ ಕಿವಿಚಿದರು. "ಮೆತ್ತಗಾಗ್ಯಾವೆ. ಯಾರೋ ಮುಚ್ಚಳ ಸರಿಯಾಗಿ ಹಾಕಿಲ್ಲ." ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಸುಮಾ, ಪಾಲಿಮರ್ ಎಲ್ಲಿ ಇಟ್ಟೀಯಮ್ಮ?"

"ಫ್ರಿಜ್ಜಿನಾಗೆ ಸರ್."

"ಕರೆಂಟು ದಿನಾ ಹೋಗಿ ಬರ್ತೈತೆ, ಫ್ರಿಜ್ಜು ಬೆಚ್ಚಗಾಗಿ ಒಳಗೇ ಬೆವರ್ತೈತೆ. ಬ್ಯಾಸಿಗಿಯಿಂದ ಹಿಂಗೇ ನಡೆದೈತೆ. ತಣ್ಣಗಿರೋ ಡಬ್ಬಿ ಹೊರಗೆ ತಂದು ಮುಚ್ಚಳ ತೆಗೆದ್ರೆ ಗಾಳಿಯಾಗಿನ ತೇವೆಲ್ಲ ಅದರ ಮ್ಯಾಲೆ ಕೂರ್ತೈತೆ. ನೀರು ಬ್ಯಾಡ ಅನ್ನೋ ತುದಿ ಐತಲ್ಲ, ಅದನ್ನ ತೇವ ನಿಧಾನಕ್ಕೆ ಕಡಿದು ಹಾಕ್ತೈತೆ. ಸರಪಳಿನೇ ತುಂಡಾದ್ರೆ ಕಣ ಹೆಂಗೆ ನಿಲ್ಲಬೇಕು?"

ಹೊಸ ಪಾಲಿಮರ್ ತರಿಸಿದೆವು. ತೇವ ಹೀರುವ ನೀಲಿ ಹರಳುಗಳ ಮೇಲೆ, ಬಿಗಿಯಾಗಿ ಮುಚ್ಚುವ ಗಾಜಿನ ಪಾತ್ರೆಯಲ್ಲಿ ಅದನ್ನಿಟ್ಟೆ. ಡಬ್ಬಿಯ ಚಳಿ ಪೂರಾ ಬಿಡುವವರೆಗೆ ಮುಚ್ಚಳ ಮುಟ್ಟುತ್ತಿರಲಿಲ್ಲ. ಮತ್ತೆ ಹನಿ ಬಿಟ್ಟೆ.

ಮಾರನೆಯ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆದಾಗ ಅಸಿಟೋನಿನ ವಾಸನೆ ಹೋಗಿತ್ತು. ಗಾಜಿನ ಬೀಕರಿನಲ್ಲಿ ಗಂಟಿಲ್ಲ, ಹರಳಿಲ್ಲ. ನೀರೆಂದರೆ ನೀರಲ್ಲ, ಹಾಲೆಂದರೆ ಹಾಲಲ್ಲ. ತೆಳ್ಳಗೆ, ಅಂಚಿನಲ್ಲಿ ತುಸು ನೀಲಿ ಇಟ್ಟುಕೊಂಡು ಏನೋ ನಿಂತಿತ್ತು. ಸರ್ ಬಂದರು. ಹೊರಗೆ ಮೋಡ ಕವಿದು, ಕರೆಂಟೂ ಹೋಗಿ, ಕೋಣೆ ಮಬ್ಬಾಗಿತ್ತು. ಅವರು ಪಾಠ ಮಾಡುವಾಗ ಬಳಸುವ ಸಣ್ಣ ಲೇಸರ್ ದೀಪವನ್ನು ಜೇಬಿನಿಂದ ತೆಗೆದು ಮೊದಲು ಬರೀ ನೀರಿದ್ದ ಬೀಕರಿಗೆ ಹಿಡಿದರು. ನೀರಿನೊಳಗೆ ಏನೂ ಕಾಣಲಿಲ್ಲ, ಆಚೆಯ ಗೋಡೆಯ ಮೇಲೆ ಒಂದು ಕೆಂಪು ಚುಕ್ಕೆಯಷ್ಟೇ. ಆಮೇಲೆ ನನ್ನ ಬೀಕರಿಗೆ ಹಿಡಿದರು.

ಗಾಜಿನ ಈ ಅಂಚಿನಿಂದ ಆ ಅಂಚಿಗೆ ಕೆಂಪು ಗೆರೆಯೊಂದು ಎಳೆದಂತೆ ಬೆಳಗಿತು. ಬೆಳಕು ಎಣಿಸಲಾರದಷ್ಟು ಕಣಗಳಿಗೆ ತಾಗಿ ತಾಗಿ ಚದುರುತ್ತಿತ್ತು. ಕಣ್ಣಿಗೆ ಎಂದೂ ಕಾಣದವು ಬೆಳಕನ್ನು ತಡೆದು ತಾವಿದ್ದೇವೆಂದು ಹೇಳುತ್ತಿದ್ದವು. ಕರೆಂಟು ಬಂದು ಫ್ಯಾನು ತಿರುಗಿದಾಗ ನನಗೆ ಉಸಿರು ಬಂದಂತಾಯಿತು.

ಆ ಬೀಕರಿನೊಳಗಿದ್ದ ಔಷಧಿಯ ಹೆಸರು ಪ್ಯಾಕ್ಲಿಟ್ಯಾಕ್ಸೆಲ್. ಚಿಗವ್ವನಿಗೆ ಕೆಂಪು ಔಷಧಿ ಮುಗಿದ ಮೇಲೆ ಕೊಡಬೇಕೆಂದು ಡಾಕ್ಟರ್ ಮೇಡಂ ಹೇಳಿದ್ದೂ ಅದೇ. ಆಸ್ಪತ್ರೆಯಲ್ಲಿ ಕೊಡುತ್ತಿದ್ದುದು ಹಳೆಯ ಬಗೆಯದು. ನೀರಿನಲ್ಲಿ ಕರಗದ ಆ ಔಷಧಿಯನ್ನು ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರವದಲ್ಲಿ ಕರಗಿಸಿರುತ್ತಾರೆ. ಬಹಳ ಜನಕ್ಕೆ ಅದೇನೂ ತೊಂದರೆ ಮಾಡುವುದಿಲ್ಲ. ಕೆಲವರ ಮೈಗೆ ಆ ದ್ರವ ಒಗ್ಗುವುದಿಲ್ಲ. ಇದನ್ನು ನನ್ನ ಪ್ರಬಂಧದ ಮೊದಲ ಪುಟದಲ್ಲೇ ಬರೆದಿದ್ದೆ.

ಬರೆಯುವುದು ಬೇರೆ, ನೋಡುವುದು ಬೇರೆ. ಅಲರ್ಜಿಯಾಗದಿರಲೆಂದು ಮುಂಚೆಯೇ ಕೊಡಬೇಕಾದ ಇಂಜೆಕ್ಷನ್ನೆಲ್ಲ ಕೊಟ್ಟೇ ಶುರುಮಾಡಿದ್ದರು. ಬಾಟಲಿಯಿಂದ ಹನಿ ಇಳಿಯತೊಡಗಿ ಸ್ವಲ್ಪ ಹೊತ್ತಾಗಿತ್ತು ಅಷ್ಟೇ, ಚಿಗವ್ವನ ಮುಖ ಕೆಂಡದ ಹಾಗಾಯಿತು. "ಸುಮಿ, ಬೆನ್ನು" ಅಂದಳು. ಮುಂದೆ ಮಾತು ಹೊರಡಲಿಲ್ಲ. ಗಾಳಿಗಾಗಿ ಬಾಯಿ ತೆರೆದು ನನ್ನ ತೋಳು ಹಿಡಿದಳು. ನರ್ಸು ಓಡಿ ಬಂದು ಹನಿ ನಿಲ್ಲಿಸಿದರು, ಆಕ್ಸಿಜನ್ ಹಾಕಿದರು, ಡಾಕ್ಟರ್ ಮೇಡಂ ಬಂದು ಸೂಜಿಯ ಮೇಲೆ ಸೂಜಿ ಕೊಟ್ಟರು. ಚಿಗವ್ವನ ಉಸಿರು ಮತ್ತೆ ಹದಕ್ಕೆ ಬಂದಾಗ ನನ್ನ ತೋಳಿನ ಮೇಲೆ ಆಕೆಯ ಉಗುರುಗಳ ಗುರುತು ಸಾಲಾಗಿ ಮೂಡಿತ್ತು.

ಆ ದಿನ ಮನೆಗೆ ಬಂದು ಆಕೆ ಗೋಡೆಗೆ ಮುಖ ಮಾಡಿ ಮಲಗಿದಳು. "ನನಗೆ ಸಾಕು ಕಣೆ. ಗಡ್ಡೆಯಿಂದ ಸತ್ರೆ ಸಾಯ್ತೀನಿ. ಗಾಳಿ ಸಿಗ್ದಂಗೆ ಮಾತ್ರ ಬ್ಯಾಡ." ಮರುದಿನ ಮುಂದಿನ ಕೋಣೆಯ ಬಾಗಿಲು ತೆರೆಯಲಿಲ್ಲ. ಕಲಿಯಲು ಬಂದವರು ಹೊಸ್ತಿಲ ಮುಂದೆ ಕೊಡೆ ಹಿಡಿದು ನಿಂತಿದ್ದು ಹಿಂದಿರುಗಿದರು. ಆ ಮನೆಯಲ್ಲಿ ನಾನು ಬಂದ ಮೇಲೆ ಅಂಥ ನಿಶ್ಶಬ್ದವನ್ನು ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಡಾಕ್ಟರ್ ಮೇಡಂ ನಮ್ಮನ್ನು ಕರೆಸಿದರು. "ಸರೋಜಮ್ಮ, ಔಷಧಿ ನಿಮ್ಮ ವೈರಿ ಅಲ್ಲ. ಅದನ್ನ ಕರಗಿಸಿದ್ದ ದ್ರವ ನಿಮ್ಮ ಮೈಗೆ ಆಗ್ಲಿಲ್ಲ ಅಂತ ನನಗನ್ನಿಸ್ತೈತೆ. ಅದೇ ಔಷಧಿ, ಆ ದ್ರವ ಇಲ್ಲದ್ದು ಬರ್ತೈತೆ. ಪಾಲಿಮರ್ ನ್ಯಾನೊ ಕಣದಾಗೆ ಇಟ್ಟಿರ್ತಾರೆ. ತರಿಸ್ತೀನಿ. ಹುಷಾರಾಗಿ, ನಿಧಾನಕ್ಕೆ ಕೊಡ್ತೀನಿ. ಯೋಚನೆ ಮಾಡ್ರಿ."

ಚಿಗವ್ವ ನನ್ನ ಕಡೆ ತಿರುಗಿದಳು. "ಇದು ನೀನು ಮಾಡೋದು ಅಲ್ಲೇನೆ?"

"ನಾನು ಮಾಡಿದ್ದಲ್ಲ ಚಿಗವ್ವ. ನಂದು ಇನ್ನೂ ಬೀಕರ್ ದಾಟಿಲ್ಲ. ಆದ್ರೆ ಅದೇ ಜಾತೀದು."

"ಹಂಗಾದ್ರೆ ನನಗೆ ತೋರಿಸು. ನೋಡ್ದೆ ಒಪ್ಪಂಗಿಲ್ಲ."

ಆಸ್ಪತ್ರೆಯಿಂದ ಸೀದಾ ಆಟೋ ಹಿಡಿದು ಪ್ರಯೋಗಾಲಯಕ್ಕೆ ಹೋದೆವು. ಸರ್ ತಾವೇ ಕುರ್ಚಿ ತಂದು ಹಾಕಿದರು. "ಬರ್ರಿ, ಕೂಡ್ರಿ." ಚಿಗವ್ವ ಕೂರಲಿಲ್ಲ. ಬೀಕರಿನ ಮುಂದೆ ಬಗ್ಗಿ ನಿಂತಳು. ನಾನು ಅಸಿಟೋನಿನ ದ್ರಾವಣವನ್ನು ಹನಿಯಾಗಿ ಬಿಟ್ಟೆ. ಒಂದು ಹನಿ ಬಿದ್ದಾಗ ತಿರುಗುತ್ತಿದ್ದ ನೀರಿನಲ್ಲಿ ಹೊಗೆಯಂಥ ಎಳೆಯೊಂದು ಕಂಡು ಮಾಯವಾಯಿತು. ಇನ್ನೊಂದು, ಮತ್ತೊಂದು. ನೋಡುನೋಡುತ್ತಲೇ ನೀರಿನ ಅಂಚಿಗೆ ನೀಲಿ ಬಂತು.

"ಆಯ್ತು" ಅಂದೆ.

"ಏನಾಯ್ತು? ನೀನೇನೂ ಮಾಡ್ಲೇ ಇಲ್ಲ."

"ಆ ಹನಿ ನೀರಿಗೆ ಬಿದ್ದೊಡನೆ ಕಣಗಳು ಆಗಿಬಿಟ್ಟಾವೆ. ಔಷಧಿ ಒಳಗೆ ಸೇರೈತೆ."

"ಯಾರು ಹೇಳ್ತಾರೆ ಅವಕ್ಕೆ, ನೀನು ಒಳಗೆ ಹೋಗು, ನೀನು ಹೊರಗೆ ನಿಲ್ಲು ಅಂತ?"

ಸರ್ ನಕ್ಕರು. "ಯಾರೂ ಹೇಳಂಗಿಲ್ರಿ. ನಾವು ಒಂದು ಕಡೆ ಸೇರಿಸ್ತೀವಿ ಅಷ್ಟೇ. ಉಳಿದದ್ದು ಅವೇ ಮಾಡ್ಕಂತಾವೆ. ಒಂದೇ ಸರಪಳಿ, ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ಬ್ಯಾಡ."

"ನಮ್ಮ ಹರಿಹರೇಶ್ವರನ ಹಂಗೆ ಅನ್ರಿ. ಒಂದೇ ಮೈ, ಎರಡು ಪಾಲು."

"ಹೌದ್ರಿ" ಅಂದ ಸರ್ ಮುಖದಲ್ಲಿ ನಗು ಉಳಿದೇ ಇತ್ತು. ಆದರೆ ಅವರು ಮುಚ್ಚುಮರೆ ಮಾಡುವವರಲ್ಲ. ಗಡ್ಡೆಯೊಳಗಿನ ರಕ್ತನಾಳಗಳು ಅವಸರದಲ್ಲಿ ಕಟ್ಟಿದ ಗೋಡೆಯಂತೆ ಸಂದಿ ಬಿಟ್ಟಿರುತ್ತವೆ, ಕಣಗಳು ಆ ಸಂದಿಯಲ್ಲಿ ಸೋರಿ ಗಡ್ಡೆಯಲ್ಲಿ ನಿಲ್ಲುತ್ತವೆ, ಗಟ್ಟಿಯಿರುವ ಬೇರೆ ನಾಳಗಳಿಂದ ಅಷ್ಟಾಗಿ ಹೊರಬೀಳುವುದಿಲ್ಲ ಎಂದು ತಿಳಿಸಿ, "ಇಲಿ ಮ್ಯಾಲೆ ಇದು ಚೆಂದ ಕೆಲಸ ಮಾಡೈತ್ರಿ. ಮನುಷ್ಯರ ಮ್ಯಾಲೆ ಎಲ್ಲರಿಗೂ ಅಷ್ಟೇ ಚೆಂದ ಮಾಡ್ತೈತೆ ಅಂತ ನಾನು ಹೇಳಂಗಿಲ್ಲ. ಆ ದ್ರವ ಇಲ್ಲ ಅನ್ನೋದು ಮಾತ್ರ ಖರೇ" ಅಂದರು.

ಚಿಗವ್ವ ಬೀಕರನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಓರೆಮಾಡಿ ನೀಲಿ ಅಂಚನ್ನು ನೋಡಿದಳು. ಆಮೇಲೆ ಅದನ್ನು ಮೆಲ್ಲಗೆ ಕೆಳಗಿಟ್ಟು, "ನಡಿ. ಹಾಕಿಸ್ಕಂತೀನಿ" ಅಂದಳು.

ಹೊಸ ಔಷಧಿ ಕೊಡುವ ದಿನ ಬೆಳಿಗ್ಗೆ ಆಸ್ಪತ್ರೆಗೆ ಸರ್ ಕೂಡ ಬಂದರು. ಬನ್ನಿ ಅಂತ ನಾನು ಕರೆದಿರಲಿಲ್ಲ. ನರ್ಸು ಸಣ್ಣ ಸೀಸೆಯೊಳಗಿನ ಪುಡಿಯನ್ನು ಕಲಸಿ ಚೀಲಕ್ಕೆ ಸೇರಿಸಿ ಕಂಬಕ್ಕೆ ತೂಗುಹಾಕಿದರು. ಬಹುತೇಕ ನೀರಿನ ಹಾಗೆಯೇ ಇತ್ತು. ಕಿಟಕಿಗೆ ಎದುರಾಗಿ ನೋಡಿದರೆ ಮಾತ್ರ ತುಸು ಹಾಲಿನ ಛಾಯೆ, ಅಂಚಿನಲ್ಲಿ ನೀಲಿ. ನನಗೂ ಸರ್‌ಗೂ ಅದು ನೆಂಟರ ಮುಖದ ಹಾಗೆ ಗುರುತು ಹತ್ತಿತು.

ಮೊದಲ ಹನಿ ನಳಿಗೆಯಲ್ಲಿ ಇಳಿಯಿತು. ಡಾಕ್ಟರ್ ಮೇಡಂ ಪಕ್ಕದಲ್ಲೇ ನಿಂತಿದ್ದರು. ಚಿಗವ್ವ ಕಣ್ಣು ಮುಚ್ಚಿ ನನ್ನ ಕೈ ಹಿಡಿದಿದ್ದಳು. ನಾನು ಆಕೆಯ ಮುಖದ ಬಣ್ಣವನ್ನೇ ಕಾಯುತ್ತಿದ್ದೆ. ಬಣ್ಣ ಬದಲಾಗಲಿಲ್ಲ. ಹೊರಗೆ ಮಳೆ ಜೋರಾಯಿತು, ನಿಂತಿತು, ಮತ್ತೆ ಶುರುವಾಯಿತು. ಹನಿ ಇಳಿಯುತ್ತಲೇ ಇತ್ತು. ಚಿಗವ್ವ ಕಣ್ಣು ಬಿಟ್ಟು, "ಶುರು ಮಾಡ್ಯಾರೇನು?" ಅಂದಳು.

ಮೇಡಂ ನಕ್ಕುಬಿಟ್ಟರು. "ಅರ್ಧ ಮುಗೀತಾ ಬಂತು ಸರೋಜಮ್ಮ."

ನಾನು ತಿರುಗಿ ನೋಡಿದಾಗ ಸರ್ ಗೋಡೆಗೆ ಆತು ನಿಂತು ಆ ಚೀಲವನ್ನೇ ದಿಟ್ಟಿಸುತ್ತಿದ್ದರು. ತಲೆ ಬೆಳ್ಳಗಾಗುವಷ್ಟು ಕಾಲ ಇಂಥ ಕಣಗಳ ಜೊತೆ ಬದುಕಿದವರು, ಅವು ಮನುಷ್ಯರ ಮೈಗೆ ಇಳಿಯುವುದನ್ನು ಎಂದೂ ಕಂಡವರಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಬರ್ತೀನಮ್ಮ, ಕ್ಲಾಸೈತೆ" ಎಂದು ಹೊರಟುಹೋದರು. ಆ ಹೊತ್ತಿನಲ್ಲಿ ಅವರಿಗೆ ಯಾವ ಕ್ಲಾಸೂ ಇರಲಿಲ್ಲ.

ಮಳೆಗಾಲ ಹಾಗೇ ಸಾಗಿತು. ಪ್ರತಿ ಸಲ ಹನಿ ಇಳಿದ ಮೇಲೆ ಚಿಗವ್ವ ಒಂದೆರಡು ದಿನ ಮೈಕೈ ನೋವಿನಿಂದ ಮಲಗುವುದು, ಎದ್ದು ಮುಂದಿನ ಕೋಣೆಯ ಬಾಗಿಲು ತೆರೆಯುವುದು. ಬೆರಳ ತುದಿಗಳು ಜುಮುಗುಟ್ಟತೊಡಗಿ, ಆಮೇಲೆ ಮರಗಟ್ಟಿದವು. ಹೊಸ ಬಗೆಯಲ್ಲಿ ಕೊಟ್ಟರೂ ಔಷಧಿ ಅದೇ ಅಲ್ಲವೇ, ನರಗಳನ್ನು ಅದು ಸುಮ್ಮನೆ ಬಿಡಲಿಲ್ಲ. ಒಂದು ದಿನ ಆಕೆ ತಾನೇ ಯಂತ್ರದ ಮುಂದೆ ಕೂತು ಬಡಿದು ನೋಡಿ, "ಯಾವ ಕೀ ಮ್ಯಾಲೆ ಬೆರಳೈತೋ ಗೊತ್ತೇ ಆಗವಲ್ದು" ಅಂದಳು. ಕಣ್ಣು ತುಂಬಿತ್ತು. ಮರುದಿನದಿಂದ ಕೀ ನೋಡಿಯೇ ಹೊಡೆದಳು, ಕಲಿಯುವವರ ಎದುರಿಗೇ.

ಆದರೆ ಗಡ್ಡೆ ಕರಗುತ್ತಿತ್ತು. ಮೊದಲು ಅಂಗೈಗೆ ನಿಂಬೆಹಣ್ಣಿನಂತೆ ಸಿಗುತ್ತಿದ್ದುದು ಅಡಿಕೆಯಷ್ಟಾಯಿತು. ಆಮೇಲೊಂದು ಬೆಳಿಗ್ಗೆ ಚಿಗವ್ವ ನನ್ನ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು, "ಹುಡುಕು" ಅಂದಳು. ನಾನು ಹುಡುಕಿದೆ. ಸಿಗಲಿಲ್ಲ. ಇನ್ನೊಮ್ಮೆ ಹುಡುಕಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು, ಜೋರಾಗಿ ಏನಾದರೂ ಅಂದರೆ ಅದು ವಾಪಸ್ಸು ಬಂದೀತೆಂಬ ಹಾಗೆ ಸುಮ್ಮನಿದ್ದೆವು.

ನನ್ನ ಕಣಗಳು ಪ್ರಬಂಧದ ಪುಟಗಳಲ್ಲೇ ಉಳಿದವು, ಯಾವ ರೋಗಿಯ ಮೈಯನ್ನೂ ಸೇರಲಿಲ್ಲ. ಅದಕ್ಕೆ ನನಗೆ ವ್ಯಸನವಿಲ್ಲ. ಯಾರೋ, ಎಲ್ಲೋ, ನನ್ನ ಹಾಗೆಯೇ ಒಡೆದ ಹಾಲನ್ನು ಚೆಲ್ಲಿ ಚೆಲ್ಲಿ ಕೊನೆಗೆ ಸರಿಯಾಗಿ ಮಾಡಿದ್ದು ಹರಿಹರದ ನಮ್ಮ ಚಿಗವ್ವನವರೆಗೆ ಬಂತು. ಅವರ ಹೆಸರೂ ನನಗೆ ಗೊತ್ತಿಲ್ಲ.

ಹೊಳೆ ಇಳಿದು ಬಂಡೆಗಳು ಮತ್ತೆ ಕಾಣುವ ಹೊತ್ತಿಗೆ ಆಪರೇಷನ್ ಆಯಿತು. ತೆಗೆದ ಭಾಗದ ಪರೀಕ್ಷೆಯ ಫಲಿತಾಂಶ ಕೇಳಲು ಹೋದ ದಿನ ಡಾಕ್ಟರ್ ಮೇಡಂ ನಮ್ಮನ್ನು ಕಾಯಿಸಲಿಲ್ಲ, ತಾವೇ ಹೊರಗೆ ಬಂದರು. "ಗಡ್ಡೆ ಇದ್ದ ಜಾಗದಾಗೂ ಇಲ್ಲ, ಕಂಕುಳಾಗೂ ಇಲ್ಲ. ಜೀವ ಇರೋ ಕ್ಯಾನ್ಸರ್ ಕೋಶ ಒಂದೂ ಸಿಗ್ಲಿಲ್ಲ ಸರೋಜಮ್ಮ. ತಪಾಸಣೆಗೆ ಬರ್ತಾ ಇರಬೇಕು. ಆದ್ರೆ ಇದು ಭಾಳ ಒಳ್ಳೆ ಸುದ್ದಿ."

ಚಿಗವ್ವ ಕೈ ಮುಗಿದಳು. ಹೊರಗೆ ಬಂದು ಓಣಿಯಂಥ ಆ ವರಾಂಡದ ಬೆಂಚಿನ ಮೇಲೆ ಕೂತಳು. ನಾನು ಅಳುತ್ತಿದ್ದೆ. ಆಕೆ ಅಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು. "ಸುಮಿ, ಆ ಕಣಗಳು ಈಗ ಎಲ್ಲಿ ಅದಾವೆ?"

"ಇಲ್ಲ ಚಿಗವ್ವ. ಕರಗಿ ಹೋಗಿರ್ತಾವೆ. ನೀರು ಬೇಕು ಅನ್ನೋ ಪಾಲು ನೀರಿನ ಜೊತೆನೇ ಮೂತ್ರದಾಗೆ ಹೋತು. ಬ್ಯಾಡ ಅನ್ನೋ ಪಾಲು ಮುರಿದು ಮುರಿದು ಹುಳಿಯಾಗ್ತೈತೆ, ಮೊಸರಿನಾಗೆ ಇರ್ತೈತಲ್ಲ, ಅದೇ ಹುಳಿ. ಅದನ್ನ ಮೈ ಸುಟ್ಟುಹಾಕ್ತೈತೆ. ಕೊನೀಗೆ ಗಾಳಿಯಾಗಿ ಉಸಿರಿನಾಗೆ ಹೊರಗೆ ಹೋಗ್ತೈತೆ."

"ಉಸಿರಿನಾಗೆ?"

"ಹೂಂ."

ಆಕೆ ಬಲಗೈ ಎತ್ತಿ ಮುಖದ ಮುಂದೆ ಹಿಡಿದು, ನಿಧಾನವಾಗಿ ಉಸಿರು ಬಿಟ್ಟಳು. ಮರಗಟ್ಟಿದ ಬೆರಳ ತುದಿಗಳಿಗೆ ಏನೂ ತಿಳಿಯಲಿಲ್ಲವೇನೋ, ಕೈಯನ್ನು ಇನ್ನಷ್ಟು ಹತ್ತಿರ ತಂದು ಅಂಗೈ ಒಡ್ಡಿದಳು. ಮತ್ತೊಮ್ಮೆ ಬಿಟ್ಟಳು. ಬೆಚ್ಚಗಾಗಿರಬೇಕು. ಕಣ್ಣರಳಿಸಿ ನನ್ನನ್ನು ನೋಡಿದಳು, ಇನ್ನೊಮ್ಮೆ ಉಸಿರೆಳೆದುಕೊಂಡಳು.